ಶಾಲೆಯ ಸ್ಕೀ ಟ್ರಿಪ್‌ಗೆ ಬಟ್ಟೆ ಬಾಡಿಗೆಗೆ ತರುವ ಮುಂಚೆ ಇದನ್ನು ಓದಿ

ಮಕ್ಕಳನ್ನು ಶಾಲೆಯಿಂದ ಮನಾಲಿ ಕಡೆ ಸ್ಕೀ ಕ್ಯಾಂಪ್‌ಗೆ ಕಳಿಸುತ್ತಿರುವ ಬೆಂಗಳೂರಿನ ಅಪ್ಪ ಅಮ್ಮಂದಿರು ದಯವಿಟ್ಟು ಪೂರ್ತಿ ಓದಿ. 'ಸ್ನೋ ಕಿಟ್ ಬಾಡಿಗೆಗೆ ಇದೆ' ಅಂತ ಯಾರಾದರೂ ಸೀಲ್ ಮಾಡಿದ ಕವರ್ ಕೈಗೆ ಕೊಟ್ಟರೆ ತರಬೇಡಿ. ನನ್ನ ಮಗಳು ಮನಾಲಿ ಹತ್ತಿರದ ಸೋಲಂಗ್‌ನ ಹಿಮದಲ್ಲಿ ಒದ್ದೆ ಪ್ಯಾಂಟ್ ಹಾಕಿಕೊಂಡು ನಡುಗುತ್ತಾ ನಿಂತಿದ್ದಳು. ಅಷ್ಟು ಸಾಲದು ಅಂತ ಅವರು ನಮ್ಮ ಡೆಪಾಸಿಟ್ ದುಡ್ಡನ್ನೂ ಹಿಡಿದುಕೊಂಡಿದ್ದಾರೆ. ಹಿಡಿದುಕೊಂಡಿದ್ದಕ್ಕೆ ಕೊಟ್ಟ ಕಾರಣ ಕೇಳಿದರೆ ನಿಮಗೂ ಮೈ ಉರಿಯುತ್ತದೆ. ಅಂಗಡಿ ಹೆಸರು ಬರೆಯುತ್ತಿಲ್ಲ, ದೂರು ಕೊಟ್ಟಿದ್ದೇನೆ, ಅದು ನಡೆಯುತ್ತಿದೆ.

ಇಂಥ ಟ್ರಿಪ್ ಹೇಗಿರುತ್ತದೆ ಅಂತ ನಿಮಗೆಲ್ಲ ಗೊತ್ತು. ಸರ್ಕ್ಯುಲರ್ ಬರುತ್ತದೆ, ದುಡ್ಡು ಕಟ್ಟುತ್ತೇವೆ, ವಾಟ್ಸಾಪ್ ಗ್ರೂಪ್ ಆಗುತ್ತದೆ, ಆಮೇಲೆ ಲಿಸ್ಟ್ ಬರುತ್ತದೆ. ಮಗಳು ಎಂಟನೇ ಕ್ಲಾಸು. ಥರ್ಮಲ್, ಫ್ಲೀಸ್, ವಾಟರ್‌ಪ್ರೂಫ್ ಜಾಕೆಟ್, ವಾಟರ್‌ಪ್ರೂಫ್ ಪ್ಯಾಂಟ್, ವಾಟರ್‌ಪ್ರೂಫ್ ಗ್ಲೌಸ್, ಗಾಗಲ್ಸ್, ಉದ್ದ ಸಾಕ್ಸ್. ಸ್ಕೀ, ಬೂಟು, ಕೋಲು, ಹೆಲ್ಮೆಟ್ ಎಲ್ಲ ಕ್ಯಾಂಪ್‌ನವರೇ ಅಲ್ಲಿ ಕೊಡುತ್ತಾರೆ. ಅದಕ್ಕೆ ಮಗುವಿನ ಎತ್ತರ, ತೂಕ, ಶೂ ಸೈಜ್ ಕೇಳುತ್ತಾರೆ. ತೂಕ ಸರಿಯಾಗಿ ನೋಡಿ ಬರೆಯಿರಿ, ಸುಮ್ನೆ ಅಂದಾಜು ಹಾಕಬೇಡಿ. ಮಗು ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳಬೇಕು, ಇಲ್ಲದಿದ್ದರೆ ಕಾಲು ತಿರುಚಿಕೊಳ್ಳುತ್ತದೆ. ಅದನ್ನು ಎಷ್ಟು ಬಿಗಿ ಇಡಬೇಕು ಅಂತ ತೂಕ ನೋಡಿಯೇ ಹೊಂದಿಸುವುದು.

ಥರ್ಮಲ್, ಫ್ಲೀಸ್, ಸಾಕ್ಸ್ ಡೆಕಾಥ್ಲಾನ್‌ನಲ್ಲಿ ತಂದೆವು. ಜಾಕೆಟ್, ಪ್ಯಾಂಟ್ ಮಾತ್ರ ಬಾಡಿಗೆಗೆ ಅಂದುಕೊಂಡೆವು. ಬೆಳೆಯುವ ಹುಡುಗಿ, ಬೆಂಗಳೂರಿನಲ್ಲಿ ಅದನ್ನು ಇನ್ನೊಂದು ಸಲ ಎಲ್ಲಿ ಹಾಕುತ್ತಾಳೆ? ಅಂಗಡಿ ನಂಬರ್ ಗ್ರೂಪ್‌ನಲ್ಲೇ ಬಂತು. ಹಾಕಿದವರು ಟ್ರಿಪ್ ಕೋಆರ್ಡಿನೇಟರ್. 'ಪೇರೆಂಟ್ಸ್ ಇವರನ್ನು ಸಂಪರ್ಕಿಸಬಹುದು' ಅಂತ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಇದಕ್ಕೇ ಬರುತ್ತೇನೆ.

ಅಂಗಡಿಗೆ ಹೋದೆವು. ಸಾಲಾಗಿ ನೇತು ಹಾಕಿದ ಜಾಕೆಟ್‌ಗಳು, ಎಲ್ಲ ಹೊಸದರ ಹಾಗೆ ಮಿರಮಿರ. ಅಲ್ಲಿದ್ದವನು ಒಂದು ಜಾಕೆಟ್ ತೆಗೆದು ಟೇಬಲ್ ಮೇಲೆ ಹಾಸಿದ. ಬಾಟಲಿಯಿಂದ ನೀರು ಸುರಿದ. ಹನಿಗಳು ಉರುಳಿ ಕೆಳಗೆ ಬಿದ್ದವು. ಟಿಶ್ಯೂ ಒತ್ತಿ ತೋರಿಸಿದ, ಒಣಗಿತ್ತು. 'ನೋಡಿ ಅಕ್ಕಾ, ಒಂದು ಹನಿ ಒಳಗೆ ಹೋಗಲ್ಲ. 10,000 ಎಂಎಂ ಇದು' ಅಂದ. ಮಗಳಿಗೆ ಕನ್ನಡಕ ಇದೆ, ಅದರ ಮೇಲೆ ಹಾಕುವ ಗಾಗಲ್ಸ್ ಬೇಕು ಅಂದೆ. 'ಅದೂ ಇದೆ ಅಕ್ಕಾ, ಕಿಟ್‌ನಲ್ಲೇ ಬರುತ್ತೆ' ಅಂದ. ಮಗಳು ಒಂದು ಜಾಕೆಟ್ ಹಾಕಿ ನೋಡಿದಳು, ಸೈಜ್ ಸರಿ ಹೋಯಿತು. ಬಾಡಿಗೆ 4,200, ಡೆಪಾಸಿಟ್ 5,000. ಯುಪಿಐ ಮಾಡಿದೆವು. ಹಾಕಿ ನೋಡಿದ್ದನ್ನೇ ಕೊಡಿ ಅಂದರೆ, 'ಇದು ಟ್ರಯಲ್ ಪೀಸ್ ಮೇಡಂ, ನಿಮ್ಮದು ವಾಶ್ ಮಾಡಿ, ಸ್ಯಾನಿಟೈಸ್ ಮಾಡಿ, ಪ್ಯಾಕ್ ಮಾಡಿ ಮನೆಗೇ ಕಳಿಸ್ತೀವಿ' ಅಂದ.

ಕವರ್ ಬಂದಿದ್ದು ಹೊರಡುವ ಹಿಂದಿನ ದಿನ ಸಂಜೆ. ಮೇಲೆ ಸ್ಟಿಕ್ಕರ್. ಸೀಲ್ ತೆಗೆದರೆ ಬದಲಾಯಿಸುವುದಿಲ್ಲ, ಬಳಸುವ ದಿನ ಮಾತ್ರ ತೆಗೆಯಿರಿ ಅಂತ. ಸೀಲ್ ಯಾಕಿತ್ತು ಅಂತ ಈಗ ಗೊತ್ತಾಗಿದೆ. ಶುಚಿಗಲ್ಲ. ನಾವು ಬೆಂಗಳೂರಿನಲ್ಲಿ ಬಿಚ್ಚಿ ನೋಡಬಾರದು ಅಂತ.

ಕವರ್ ಬಿಚ್ಚಿದ್ದು ಸೋಲಂಗ್‌ಗೆ ಹೊರಡುವ ಬೆಳಿಗ್ಗೆ, ಮನಾಲಿಯ ಹೋಟೆಲ್ ರೂಮಿನಲ್ಲಿ. ಮಗಳು ಮೊದಲು ಪ್ಯಾಂಟ್ ಹಾಕಿದಳಂತೆ. ಕಾಲು ತೂರಿಸಿದ ಕೂಡಲೇ ಒಳಗಿನಿಂದ ಬಿಳಿ ಚಕ್ಕೆಗಳು ಉದುರಿವೆ. ಕಪ್ಪು ಥರ್ಮಲ್ ತುಂಬಾ ಬಿಳಿ. ಜೊತೆಗಿದ್ದ ಟೀಚರ್ ಫೋಟೋ ತೆಗೆದು ಕಳಿಸಿದರು. ಹಳೇ ಗೋಡೆಯ ಸುಣ್ಣ ಉದುರಿದ ಹಾಗಿತ್ತು. ಅದು ಒಳಗಿನ ವಾಟರ್‌ಪ್ರೂಫ್ ಕೋಟಿಂಗ್. ಪೂರ್ತಿ ಹಾಳಾಗಿ ಎದ್ದು ಬರುತ್ತಿತ್ತು. ಮೊಣಕಾಲಿನ ಹತ್ತಿರ ಕಪ್ಪು ಬಟ್ಟೆಗೆ ನೀಲಿ ದಾರದಲ್ಲಿ ಹಾಕಿದ ಹೊಲಿಗೆ. ಆ ನೀಲಿ ದಾರ ನಾನು ಸಾಯುವವರೆಗೆ ಮರೆಯಲ್ಲ.

ಟೀಚರ್ ಬೇಜಾರಿನ ದನಿಯಲ್ಲೇ ಕೇಳಿದರು, 'ಮೇಡಂ, ಲಿಸ್ಟ್‌ನಲ್ಲಿ ವಾಟರ್‌ಪ್ರೂಫ್ ಅಂತ ಇತ್ತಲ್ವಾ?' 9,200 ರೂಪಾಯಿ ಕೊಟ್ಟು ಈ ಮಾತು ಕೇಳಬೇಕಾಯಿತು. ಏನು ಹೇಳಲಿ? ಅವರ ಮುಂದೆ ತಲೆ ಎತ್ತಲು ಆಗಲಿಲ್ಲ.

ಬಸ್ ಹೊರಟಾಗಿತ್ತು. ಅವತ್ತು ಅದನ್ನೇ ಹಾಕಿಕೊಂಡು ಹೋದಳು. ಮೊದಲ ದಿನ ಸ್ಕೀ ಕಲಿಯುವ ಮಕ್ಕಳು ಏನು ಮಾಡುತ್ತಾರೆ? ಬೀಳುತ್ತಾರೆ. ಎದ್ದು ಮತ್ತೆ ಬೀಳುತ್ತಾರೆ. ಹಿಮದ ಮೇಲೆ ಕೂತು ಬೂಟು ಸರಿಮಾಡಿಕೊಳ್ಳುತ್ತಾರೆ. ಮೇಲೆ ಸುರಿದ ನೀರು ಹನಿಯಾಗಿ ಉರುಳುವುದು ಬಟ್ಟೆಯ ಹೊರಗಿನ ಲೇಪದಿಂದ, ಅದೊಂದರಿಂದ ಏನೂ ಗೊತ್ತಾಗುವುದಿಲ್ಲ. ಮೈಭಾರ ಬಿದ್ದ ಕಡೆ ನೀರು ಒಳಗೆ ಒತ್ತಿಕೊಂಡು ಬರುತ್ತದೆ. ಅಲ್ಲಿ ತಡೆಯಬೇಕಾಗಿದ್ದು ಆ ಉದುರಿ ಹೋದ ಕೋಟಿಂಗ್. ಅವನು ಹೇಳಿದ 10,000 ಎಂಎಂ ಅಂದರೆ ಅಷ್ಟು ಎತ್ತರದ ನೀರಿನ ಒತ್ತಡ ತಡೆಯಬೇಕು ಅಂತ. ಈ ಪ್ಯಾಂಟ್ ಒಂದು ಹುಡುಗಿ ಕೂತರೆ ತಡೆಯಲಿಲ್ಲ. ಮಧ್ಯಾಹ್ನಕ್ಕೆ ಹಿಂದೆಲ್ಲ ಒದ್ದೆ. ಹುಡುಗರು ನೋಡಿ ನಕ್ಕರಂತೆ. ರಾತ್ರಿ ಫೋನ್ ಮಾಡಿ ಅಳುತ್ತಾ ಹೇಳಿದಳು, 'ಅಮ್ಮಾ, ಎಲ್ಲರೂ ಏನು ಅಂದುಕೊಂಡ್ರೋ.' ಹದಿಮೂರು ವರ್ಷದ ಹುಡುಗಿಗೆ ಅದು ಎಂಥ ಮಾತು ಅಂತ ಹೆಣ್ಣುಮಕ್ಕಳಿರುವವರಿಗೆ ಹೇಳಬೇಕಾಗಿಲ್ಲ.

ಕಿಟ್‌ನಲ್ಲಿ ಬಂದ ಗ್ಲೌಸ್ ಬರೀ ಉಣ್ಣೆಯದು, ಮೇಲೆ ತೆಳು ಬಟ್ಟೆ. ಅದೂ ನೀರು ಕುಡಿದು ತಣ್ಣಗಾಯಿತು. ಗಾಗಲ್ಸ್ ಕನ್ನಡಕದ ಮೇಲೆ ಕೂರಲೇ ಇಲ್ಲ. ಕನ್ನಡಕ ತೆಗೆದರೆ ಇಳಿಜಾರು ಕಾಣದು, ಗಾಗಲ್ಸ್ ತೆಗೆದರೆ ಬಿಸಿಲು ಕಣ್ಣು ಕುಕ್ಕುತ್ತದೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ಯುವಿ ಕಿರಣದಲ್ಲಿ ಶೇ. 80ರವರೆಗೆ ವಾಪಸ್ ಮುಖಕ್ಕೇ ಎಸೆಯುತ್ತದೆ, ಸೋಲಂಗ್ ಸುಮಾರು 2,500 ಮೀಟರ್ ಎತ್ತರ ಬೇರೆ, ಮೇಲೆ ಹೋದಷ್ಟೂ ಯುವಿ ಜಾಸ್ತಿ. ಸನ್‌ಸ್ಕ್ರೀನ್ ಹಚ್ಚಿಕೊಂಡಿದ್ದಳು, ಮುಖ ಉಳಿಯಿತು. ಕಣ್ಣು ಸಂಜೆಯವರೆಗೆ ಕೆಂಪಗಿತ್ತಂತೆ.

ಅಂಗಡಿಗೆ ಫೋನ್ ಮಾಡಿದೆ. ಅವರ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ.

'ಮಗು ಜಾಸ್ತಿ ಹೊತ್ತು ಸ್ನೋ ಮೇಲೆ ಕೂತಿರಬೇಕು ಮೇಡಂ.'

'ರೂಮ್ ಹೀಟರ್ ಮುಂದೆ ಒಣಗಿಸಿಕೊಳ್ಳೋಕೆ ಹೇಳಿ, ಬೆಳಿಗ್ಗೆ ಸರಿ ಹೋಗುತ್ತೆ.'

'ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ. ನಿಮ್ಮದೊಂದೇ.'

ಮೂರನೆಯದು ಸುಳ್ಳು. ಅದೇ ಕ್ಯಾಂಪ್‌ನಲ್ಲಿ ಇನ್ನೊಬ್ಬ ಹುಡುಗನ ಜಾಕೆಟ್ ಜಿಪ್ ಮೊದಲ ದಿನವೇ ಕಿತ್ತು ಬಂದಿದೆ, ಅವರಮ್ಮನೂ ಫೋನ್ ಮಾಡಿದ್ದರು. ಅವರಿಗೂ ಇದೇ ಮಾತು ಹೇಳಿದ್ದಾರೆ. ನಿಮ್ಮದೊಂದೇ ಅಂತ.

ಕೋಆರ್ಡಿನೇಟರ್‌ಗೆ ಕೇಳಿದೆ. 'ಅವರು ನಮ್ಮ ವೆಂಡರ್ ಅಲ್ಲ ಮೇಡಂ, ಜಸ್ಟ್ ರೆಫರೆನ್ಸ್ ಕೊಟ್ಟಿದ್ದು' ಅಂದರು. ಮತ್ತೆ ಗ್ರೂಪ್‌ನಲ್ಲಿ ಯಾಕೆ ಹಾಕಿದ್ದು? ಶಾಲೆಯ ಗ್ರೂಪ್‌ನಲ್ಲಿ ನಂಬರ್ ಬಂದರೆ ಯಾರಾದರೂ ನಂಬುತ್ತಾರೆ ಅಲ್ವಾ?

ಕೊನೆಗೆ ಆ ಟೀಚರೇ ಮಾರನೇ ದಿನ ಸೋಲಂಗ್ ದಾರಿಯಲ್ಲಿ ಬಸ್ ನಿಲ್ಲಿಸಿ ಬೇರೆ ಸೂಟ್ ಬಾಡಿಗೆಗೆ ಕೊಡಿಸಿದರು. ಆ ದಾರಿಯುದ್ದಕ್ಕೂ ಕೋಟು, ಬೂಟು ಬಾಡಿಗೆ ಕೊಡುವ ಅಂಗಡಿಗಳ ಸಾಲೇ ಇದೆ, ಹೋದವರೆಲ್ಲ ನೋಡಿರುತ್ತೀರಿ. ಕೆಲವು ನೂರು ರೂಪಾಯಿಗೆ ಆಯಿತು. ಚೆಂದ ಇರಲಿಲ್ಲ, ಸ್ವಲ್ಪ ದೊಡ್ಡದು, ಆದರೆ ಒಳಗೆ ಒಣಗಿತ್ತು. ಉಳಿದ ದಿನ ಅದರಲ್ಲೇ ಕಲಿತಳು. ಆ ಟೀಚರ್‌ಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಈಗ ಡೆಪಾಸಿಟ್ ವಿಷಯ. ಕಿಟ್ ವಾಪಸ್ ಕೊಟ್ಟೆವು. 'ಚೆಕ್ ಮಾಡಿ ಹಾಕ್ತೀವಿ' ಅಂದರು. ಬಂದಿದ್ದು 1,500. ಜೊತೆಗೆ ಮೆಸೇಜ್: 'ಜಾಕೆಟ್ ವಾಟರ್ ಸ್ಟೇನ್ 1,500. ಪ್ಯಾಂಟ್ ಇನ್ನರ್ ಕೋಟಿಂಗ್ ಡ್ಯಾಮೇಜ್ 2,000.'

ಓದಿ ಕೈ ನಡುಗಿತು. ಹಿಮದಲ್ಲಿ ಹಾಕುವ ಜಾಕೆಟ್‌ಗೆ ನೀರಿನ ಕಲೆ ಅಂತ ದಂಡ! ಯಾವ ಕೋಟಿಂಗ್ ಇಲ್ಲದೆ ನನ್ನ ಮಗಳು ನೆನೆದು ನಡುಗಿದಳೋ ಅದೇ ಕೋಟಿಂಗ್ ಅವಳು ಹಾಳು ಮಾಡಿದಳಂತೆ. ಸಾಕ್ಷಿಗೆ ಫೋಟೋ ಕಳಿಸಿದರು. ಆ ಫೋಟೋದಲ್ಲೂ ನೀಲಿ ದಾರ. ನಾನು ಟೀಚರ್ ಕಳಿಸಿದ ಮೊದಲ ಬೆಳಗಿನ ಫೋಟೋ ಕಳಿಸಿದೆ, ಸಮಯ ಸಮೇತ. ಇವಳು ಹಿಮ ಮುಟ್ಟುವ ಮುಂಚೆಯೇ ಹೀಗಿತ್ತು, ನೋಡಿ ಅಂದೆ. ಉತ್ತರ: 'ಪಾಲಿಸಿ ಮೇಡಂ. ಸೀಲ್ ತೆಗೆದ ಮೇಲೆ ನಮ್ಮ ಜವಾಬ್ದಾರಿ ಇಲ್ಲ.' ಬಿಲ್ ಕೇಳಿದೆ. ಬಿಲ್ ಇಲ್ಲವಂತೆ, ಯುಪಿಐ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಬೇಕಂತೆ. ದುಡ್ಡು ಹೋಗಿರುವುದು ಅಂಗಡಿ ಖಾತೆಗೂ ಅಲ್ಲ, ಯಾರದೋ ಸ್ವಂತ ನಂಬರ್‌ಗೆ.

ನೀವು ಬಾಡಿಗೆಗೇ ತರುವುದಾದರೆ ಕವರ್ ಅಂಗಡಿಯಲ್ಲೇ ಬಿಚ್ಚಿಸಿ. ಪ್ಯಾಂಟ್ ಒಳಮಗ್ಗಲು ಮಾಡಿ ಕೈಯಲ್ಲಿ ಉಜ್ಜಿ ನೋಡಿ, ಚಕ್ಕೆ ಬಂದರೆ ಅಲ್ಲೇ ಬಿಟ್ಟು ಬನ್ನಿ. ಹೊಲಿಗೆಗಳ ಮೇಲೆ ಒಳಗಡೆ ಟೇಪ್ ಇರಬೇಕು. ಕನ್ನಡಕ ಇರುವ ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ ಗಾಗಲ್ಸ್ ಹಾಕಿಸಿ ನೋಡಿ. ಕೊಡುವಾಗ ವಿಡಿಯೋ ತೆಗೆಯಿರಿ, ಬಿಲ್ ಇಲ್ಲ ಅಂದರೆ ದುಡ್ಡು ಕೊಡಬೇಡಿ. ಒಳಗೆ ಹತ್ತಿ ಬನಿಯನ್ ಬೇಡ, ನೆನೆದರೆ ಬೇಗ ಒಣಗುವುದಿಲ್ಲ. ಸಾಕ್ಸ್ ಒಂದೇ ಜೊತೆ, ಎರಡು ಹಾಕಿದರೆ ಸ್ಕೀ ಬೂಟಿನಲ್ಲಿ ಮಡಿಕೆ ಬಿದ್ದು ಕಾಲು ಇನ್ನೂ ತಣ್ಣಗಾಗುತ್ತದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಚೆಕ್‌ಇನ್ ಬ್ಯಾಗ್‌ನಲ್ಲಿ ಬಿಡುವುದಿಲ್ಲ. ನಮ್ಮತ್ತೆ ತುಂಬಿಸಿದ್ದ ಕೋಡುಬಳೆ ಮಾತ್ರ ಇಡೀ ಬಸ್ಸಿಗೆ ಆಯಿತಂತೆ.

1915ಕ್ಕೆ, ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಫೀಸೂ ಇಲ್ಲ. ಇದು ಅಂಗಡಿಯವರಿಗೂ ಗೊತ್ತಾಗಿದೆ ಅನಿಸುತ್ತದೆ, ನಿನ್ನೆ ಮೆಸೇಜ್ ಮಾಡಿದ್ದರು. 'ಅಕ್ಕಾ, ಎಲ್ಲೂ ಬರೀಬೇಡಿ, 500 ವಾಪಸ್ ಕೊಡ್ತೀವಿ, ಅಡ್ಜಸ್ಟ್ ಮಾಡ್ಕೊಳ್ಳಿ.' ಅಡ್ಜಸ್ಟ್ ಮಾಡಿಕೊಳ್ಳುವುದಿಲ್ಲ. ಹಿಡಿದುಕೊಂಡಿರುವ 3,500 ಪೂರ್ತಿ ಕೊಡಲಿ, ಬಾಡಿಗೆ 4,200ನ್ನೂ ಕೊಡಲಿ, ಆಮೇಲೆ ಮಾತಾಡೋಣ ಅಂತ ಉತ್ತರ ಹಾಕಿದ್ದೇನೆ. ನೀಲಿ ಗುರುತು ಬಿದ್ದಿದೆ, ಉತ್ತರ ಇನ್ನೂ ಬಂದಿಲ್ಲ.