ಬಿದ್ದ ಪ್ಯಾಕೆಟ್ಟಿಗೆ ಲೆಕ್ಕ ಕೊಡೋ ನೆಟ್‌ವರ್ಕ್ ಕಾರ್ಡು: ಹಳೇ ಇಂಟೆಲ್ ಐ350

ದಾವಣಗೆರೆಯ ಒಂದು ಅಕ್ಕಿ ಗೋದಾಮಿಗೆ ನಾನು 16 ಕ್ಯಾಮೆರಾ ಹಾಕಿಕೊಟ್ಟಿದ್ದೇನೆ. ರೆಕಾರ್ಡಿಂಗ್ ಎಲ್ಲ ಒಂದು ಲಿನಕ್ಸ್ ಕಂಪ್ಯೂಟರಿಗೆ, ಯುಡಿಪಿಯಲ್ಲಿ ಬರುತ್ತದೆ. ಅಂದರೆ ಚಿತ್ರ ಪ್ಯಾಕೆಟ್ ಎಂಬ ಸಣ್ಣ ತುಣುಕುಗಳಾಗಿ ಬರುತ್ತದೆ, ದಾರಿಯಲ್ಲಿ ಬಿದ್ದದ್ದನ್ನು ಯುಡಿಪಿ ಮತ್ತೆ ಕಳಿಸಲ್ಲ. ಆಗಾಗ ಚಿತ್ರದ ಕೆಳಗಿನ ಅರ್ಧ ಕಲಸಿ ಹೋಗುತ್ತಿತ್ತು. "ಕಳ್ಳ ಬಂದಾಗಲೇ ಹಿಂಗಾದ್ರೆ ಏನ್ ಮಾಡೋದಪ್ಪಾ?" ಅಂದರು ಸಾಹುಕಾರರು.

ಮೊದಲು ಅದರಲ್ಲಿದ್ದದ್ದು ಒಂದು ಅಗ್ಗದ ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್. ಕಂಪನಿ ಹೆಸರು ಬೇಡ ಬಿಡಿ. ಬಿದ್ದ ಪ್ಯಾಕೆಟ್ಟಿನ ಲೆಕ್ಕ ಎಷ್ಟು ಸಲ ನೋಡಿದರೂ ಡ್ರಾಪ್ಡ್ 0, ಮಿಸ್ಡ್ 0. ಈಥ್‌ಟೂಲ್ ಅನ್ನುವ ಲಿನಕ್ಸ್ ಕಮಾಂಡಿನಲ್ಲಿ ಕೇಳಿದರೆ ಅಂಕಿಅಂಶವೇ ಇಲ್ಲ ಅನ್ನುವ ಒಂದು ಸಾಲು. ಎರಡು ದಿನ ಸುಮ್ನೆ ಕೇಬಲ್ ಬದಲಿಸಿದೆ. ಆಮೇಲೆ ಹೊಳೆಯಿತು, ಅದರ ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಎಣಿಸುತ್ತಲೇ ಇಲ್ಲ. ಲೆಕ್ಕ ಬರೆಯದವನ ಖಾತೆಯಲ್ಲೂ ನಷ್ಟ ಸೊನ್ನೆಯೇ, ಅಲ್ವಾ?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ಸೆಕೆಂಡ್‌ಹ್ಯಾಂಡ್ ಐ350 ತಂದೆ, ಎರಡು ಪೋರ್ಟಿನದು, 1,800 ರೂಪಾಯಿ. ನಕಲಿಯೂ ಓಡಾಡುತ್ತವೆ, ನೋಡಿಕೊಂಡು ತಗೊಳ್ಳಿ. ಹಾಕಿದ ದಿನವೇ ಗುಟ್ಟು ಬಯಲಾಯಿತು. ಇದರ ಐಜಿಬಿ ಡ್ರೈವರ್ ಎರಡು ಲೆಕ್ಕ ಬೇರೆ ಬೇರೆ ಇಡುತ್ತದೆ. 'ನೋ ಬಫರ್' ಅಂದರೆ ಮೆಮೊರಿಯಲ್ಲಿ ಜಾಗ ಸಿಗಲಿಲ್ಲ, ಆದರೂ ಕಾರ್ಡಿನೊಳಗಿನ ಪುಟ್ಟ ಗೋದಾಮಿನಲ್ಲಿ ಪ್ಯಾಕೆಟ್ ಉಳಿದಿರಬಹುದು. 'ಮಿಸ್ಡ್' ಅಂದರೆ ಅದೂ ತುಂಬಿತು, ಪ್ಯಾಕೆಟ್ ಹೋಯಿತು. ನನಗೆ ಎರಡೂ ಏರುತ್ತಿದ್ದವು.

ಒಂದು ಕ್ಯಾಮೆರಾಗೆ ಸೆಕೆಂಡಿಗೆ 4 ಮೆಗಾಬಿಟ್, 16ಕ್ಕೆ 64. ಗಿಗಾಬಿಟ್ ದಾರಿಗೆ ಇದೇನು ಮಹಾ? ಆದರೆ ಕ್ಯಾಮೆರಾಗಳು ಪೂರ್ತಿ ಚಿತ್ರವನ್ನು ಒಟ್ಟಿಗೇ ತಳ್ಳಿದರೆ ಕಥೆ ಬೇರೆ. ಬಂದ ಪ್ಯಾಕೆಟ್ ಇಡಲು ಮೆಮೊರಿಯಲ್ಲಿರುವ ಸಾಲಿಗೆ 'ರಿಂಗ್' ಅನ್ನುತ್ತಾರೆ, ಅದರಲ್ಲಿ ಮೊದಲಿಗೆ 256 ಜಾಗ ಇರುತ್ತದೆ. ಪೂರಾ ವೇಗದಲ್ಲಿ ದೊಡ್ಡ ಪ್ಯಾಕೆಟ್ ನುಗ್ಗಿದರೆ ಸುಮಾರು 3 ಮಿಲಿಸೆಕೆಂಡಿಗೆ ಭರ್ತಿ. ಈಥ್‌ಟೂಲ್‌ನಿಂದ 2048 ಮಾಡಿದೆ, 4096ರವರೆಗೂ ಹೋಗಬಹುದು. ಬದಲಿಸುವಾಗ ಲಿಂಕ್ ಒಂದು ಕ್ಷಣ ಕಡಿಯುತ್ತದೆ, ಗೋದಾಮು ಮುಚ್ಚಿದ ಮೇಲೆ ಮಾಡಿ. ಮಿಸ್ಡ್ ಅಲ್ಲೇ ನಿಂತಿತು.

ಆದರೆ ಡ್ರಾಪ್ಡ್ ಮಾತ್ರ ನಿಧಾನವಾಗಿ ಏರುತ್ತಲೇ ಇತ್ತು! ಬರುವ ಪ್ಯಾಕೆಟ್ಟನ್ನೆಲ್ಲ ತೋರಿಸುವ ಟಿಸಿಪಿಡಂಪ್ ಹಚ್ಚಿದರೆ ಏರಿಕೆ ನಿಲ್ಲುತ್ತದೆ, ಮುಚ್ಚಿದರೆ ಮತ್ತೆ ಶುರು. ತಲೆ ಕೆಟ್ಟಿತು. ನೋಡಿದರೆ ಮೂಲೆಯ ಚಿಕ್ಕ ಸ್ವಿಚ್ ತನ್ನದೇ ಯಾವುದೋ ನೆಟ್‌ವರ್ಕ್ ಸಂದೇಶವನ್ನು (ಫ್ರೇಮ್) ಎಲ್ಲರಿಗೂ ಕೂಗಿ ಹೇಳುತ್ತಿದೆ. ಅದನ್ನು ತೆಗೆದುಕೊಳ್ಳುವವರು ಲಿನಕ್ಸಿನ ತಿರುಳಾದ ಕರ್ನೆಲ್‌ನಲ್ಲಿ ಯಾರೂ ಇಲ್ಲ. ಕರ್ನೆಲ್ಲಿನ 2.6.37 ಆವೃತ್ತಿಯಿಂದ ಇಂಥದ್ದನ್ನೂ ಡ್ರಾಪ್ಡ್ ಖಾತೆಗೇ ಬರೆಯುತ್ತಾರೆ. ಟಿಸಿಪಿಡಂಪ್ ಇದ್ದಾಗ ಅದೇ ಕೈಚಾಚಿ ತೆಗೆದುಕೊಳ್ಳುತ್ತದೆ, ಹಾಗಾಗಿ ಲೆಕ್ಕಕ್ಕೆ ಬರಲ್ಲ. ಇದು ಕಾರ್ಡಿನ ತಪ್ಪಲ್ಲ, ಚಿತ್ರಕ್ಕೂ ಇದಕ್ಕೂ ಸಂಬಂಧವಿಲ್ಲ.

ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಹೆಸರುಗಳ ಗೋಜಲಿಗೆ: ಒಂದೊಂದು ಡ್ರೈವರ್ ಒಂದೊಂದು ಹೆಸರಲ್ಲಿ ಎಣಿಸುತ್ತದೆ, ಇಲ್ಲಿ ಕಲಿತದ್ದು ಬೇರೆ ಕಾರ್ಡಿಗೆ ಹೊಂದಲ್ಲ.

ರಾತ್ರಿ 12ಕ್ಕೆ ಮಿಸ್ಡ್ ಸಂಖ್ಯೆ ಒಂದು ಫೈಲಿಗೆ ಬೀಳುವ ಹಾಗೆ ಮಾಡಿದ್ದೇನೆ. ಮೂರು ವಾರದಿಂದ 8,412. ಮೊದಲ ದಿನದ್ದೇ.