‘ಅಸಲಿ ಅಲ್‌ಸ್ಟರ್’ ಎಂದು ಮಾರುವವರ ಬಗ್ಗೆ ಎಚ್ಚರಿಕೆ

ಇಂಗ್ಲೆಂಡಿನಲ್ಲಿ ವಿಂಟೇಜ್ ಕಾರು ಕೊಳ್ಳಲು ಹೊರಟಿರುವ ಕನ್ನಡಿಗ ಮಿತ್ರರು ದಯವಿಟ್ಟು ಇದನ್ನು ಓದಿದ ಮೇಲೆಯೇ ಅಡ್ವಾನ್ಸ್ ಕೊಡಿ. ‘1930ರ ಅಸಲಿ ಆಸ್ಟಿನ್ ಸೆವೆನ್ ಅಲ್‌ಸ್ಟರ್’ ಎಂದು ಹೇಳಿ ನನಗೆ ಮಾರಿದ ಕಾರು ಅಲ್‌ಸ್ಟರ್ ಅಲ್ಲ, 1930ರದ್ದೂ ಅಲ್ಲ. ಯಾವುದೋ ಸಾಧಾರಣ ಸಲೂನ್ (ಮೇಲೆಲ್ಲ ಮುಚ್ಚಿದ) ಕಾರಿನ ಬಾಡಿಯನ್ನು ಕಿತ್ತೆಸೆದು, ಅದರ ಷಾಸಿಯ (ತಳದ ಚೌಕಟ್ಟಿನ) ಮೇಲೆ ಹಿಂಬದಿ ಚೂಪಾದ ಹೊಸ ಅಲ್ಯೂಮಿನಿಯಂ ಬಾಡಿಯನ್ನು ಕೂರಿಸಿ, ಅಸಲಿಯ ಬೆಲೆಗೆ ನನ್ನ ಕೈಗೆ ದಾಟಿಸಿದ್ದಾರೆ. ವಿಷಯ ಕಾನೂನಿನ ದಾರಿ ಹಿಡಿದಿರುವುದರಿಂದ ಮಾರಿದವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಆಸ್ಟಿನ್ ಸೆವೆನ್ ಅಪರೂಪದ ಕಾರೇನಲ್ಲ. 1922ರಿಂದ 1939ರವರೆಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ತಯಾರಾದ, 747 ಸಿಸಿಯ ಪುಟ್ಟ ಎಂಜಿನ್ನಿನ ಜನಸಾಮಾನ್ಯರ ಕಾರು ಅದು. ಆದರೆ ಐರ್ಲೆಂಡಿನ ಅಲ್‌ಸ್ಟರ್ ಪ್ರಾಂತ್ಯದಲ್ಲಿ ನಡೆದ 1929ರ ಟೂರಿಸ್ಟ್ ಟ್ರೋಫಿ ರೇಸಿನಲ್ಲಿ ಆರ್ಚಿ ಫ್ರೇಜರ್-ನ್ಯಾಶ್ ಅವರು ಈ ಚಿಕ್ಕ ಕಾರನ್ನು ಮೂರನೆಯ ಸ್ಥಾನಕ್ಕೆ ತಂದ ಮೇಲೆ, ಆ ಪ್ರಾಂತ್ಯದ ಹೆಸರಿನಲ್ಲೇ ಬಂದ ಸ್ಪೋರ್ಟ್ಸ್ ಮಾದರಿಗೆ ಬೇರೆಯೇ ಗೌರವ ಬಂತು. ಅವು ತಯಾರಾದದ್ದೇ ಬಹಳ ಕಡಿಮೆ, ಉಳಿದಿರುವುದು ಇನ್ನೂ ಕಡಿಮೆ. ಹಾಗಾಗಿ ಸಲೂನಿಗೂ ಅಲ್‌ಸ್ಟರಿಗೂ ಬೆಲೆಯಲ್ಲಿ ಹಲವು ಪಟ್ಟು ವ್ಯತ್ಯಾಸ. ಮೋಸ ನಡೆಯುವುದು ಸರಿಯಾಗಿ ಆ ವ್ಯತ್ಯಾಸದಲ್ಲೇ.

ವುಸ್ಟರ್‌ಶೈರಿನ ಶೆಲ್ಸ್‌ಲಿ ವಾಲ್ಷ್‌ನಲ್ಲಿ 1905ರಿಂದ ನಡೆದು ಬಂದಿರುವ ಗುಡ್ಡ ಹತ್ತುವ ಸ್ಪರ್ಧೆಯಲ್ಲಿ ಒಮ್ಮೆಯಾದರೂ ಈ ಕಾರನ್ನು ಓಡಿಸಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು, ಅದನ್ನು ಮಾರುವವರ ಬಳಿ ಮುಚ್ಚುಮರೆಯಿಲ್ಲದೆ ಹೇಳಿದ್ದೆ. ಅವರು ಒಂದು ದಪ್ಪ ಫೈಲು ತೋರಿಸಿದರು: ಹಳೆಯ ಫೋಟೋಗಳು, ಬಿಲ್ಲುಗಳು, 1930 ಎಂದು ನಮೂದಾಗಿದ್ದ ನೋಂದಣಿ ಪತ್ರ. ಎಂಜಿನ್ ಚಾಲೂ ಮಾಡಿದಾಗ ಆಯಿಲ್ ಪ್ರೆಷರ್ ಮುಳ್ಳು ಚದರ ಇಂಚಿಗೆ ಎರಡು ಮೂರು ಪೌಂಡಿನ ಮೇಲೆ ಏಳಲೇ ಇಲ್ಲ. ಕೇಳಿದ್ದಕ್ಕೆ, “ಸೆವೆನ್ ಎಂಜಿನ್ನುಗಳೆಲ್ಲ ಹೀಗೆಯೇ, ಯಾವ ಪುಸ್ತಕವನ್ನಾದರೂ ತೆಗೆದು ನೋಡಿ” ಎಂದರು. ಪುಸ್ತಕಗಳಲ್ಲಿ ಹಾಗೆಯೇ ಇದೆ, ಸಾಧಾರಣ ಸೆವೆನ್ ಎಂಜಿನ್ನಿನ ಬಗ್ಗೆ! ಅದರಲ್ಲಿ ಎಣ್ಣೆಯನ್ನು ಸಣ್ಣ ಜೆಟ್ಟುಗಳು ತಿರುಗುತ್ತಿರುವ ಕ್ರ್ಯಾಂಕ್‌ಶಾಫ್ಟಿನ (ಎಂಜಿನ್ನಿನ ಮುಖ್ಯ ದಂಡದ) ಕಡೆಗೆ ಚಿಮ್ಮಿಸುತ್ತವೆ, ಅಷ್ಟೆ. ಅಲ್ಲಿ ಒತ್ತಡ ಕಡಿಮೆಯೇ ಇರುತ್ತದೆ. ಅಲ್‌ಸ್ಟರಿನ ಕ್ರ್ಯಾಂಕ್‌ಶಾಫ್ಟಿಗೆ ಎಣ್ಣೆ ಒತ್ತಡದಿಂದಲೇ ಒಳಗೆ ಹೋಗುತ್ತದೆ. ಇದು ಬಲ್ಲವರಾಗಿದ್ದೇ ಅವರು ನನಗೆ ಆ ಉತ್ತರ ಕೊಟ್ಟರು. ಈ ಒಂದು ಮಾತು ನೆನಪಾದಾಗಲೆಲ್ಲ ಇಂದಿಗೂ ಮೈ ಉರಿಯುತ್ತದೆ.

ಬಯಲಾದದ್ದು ಸ್ಪರ್ಧೆಯ ಅರ್ಹತಾ ಪತ್ರಕ್ಕಾಗಿ ಕಾರನ್ನು ಅನುಭವಿ ಮೆಕ್ಯಾನಿಕ್ ಒಬ್ಬರ ಗ್ಯಾರೇಜಿಗೆ ಒಯ್ದಾಗ. ಅವರು ಬಾನೆಟ್ ಎತ್ತುವ ಮೊದಲೇ ಟೇಪ್ ಹಿಡಿದು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಅಳೆದರು. 81 ಇಂಚು. ಮತ್ತೊಮ್ಮೆ ಅಳೆದರು, 81 ಇಂಚೇ. 1930ರ ಸೆವೆನ್ ಷಾಸಿ 75 ಇಂಚಿನದು. ಆರು ಇಂಚು ಉದ್ದದ ಷಾಸಿ ಬಂದದ್ದು ಅದಾದ ಮೇಲೆ. ಅಲ್ಲಿ ನಿಂತಿದ್ದ, ಹಳೆಯ ಕಾರುಗಳ ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರು ತಗ್ಗಿದ ದನಿಯಲ್ಲಿ, “ಇದನ್ನು ನಿಮಗೆ ಅಲ್‌ಸ್ಟರ್ ಎಂದು ಹೇಳಿ ಕೊಟ್ಟರೇ?” ಎಂದು ಕೇಳಿದರು. ಅಷ್ಟು ಜನರ ನಡುವೆ ನನಗೆ ತಲೆಯೆತ್ತಲಾಗಲಿಲ್ಲ. ಆಮೇಲೆ ಎಂಜಿನ್ನಿನ ತಳದ ಎಣ್ಣೆ ತೊಟ್ಟಿ (ಸಂಪ್) ಬಿಚ್ಚಿ ಟಾರ್ಚ್ ಹಿಡಿದರೆ ಒಳಗೆ ಅದೇ ಜೆಟ್ಟುಗಳು ಕಂಡವು. ಷಾಸಿ ನಂಬರಿನ ತಟ್ಟೆಯನ್ನು ಕೂರಿಸಿದ್ದ ರಿವೆಟ್ಟುಗಳು ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದವು, ಷಾಸಿಯ ಮೇಲೆ ಒತ್ತಿದ್ದ ನಂಬರಿಗೂ ತಟ್ಟೆಯ ನಂಬರಿಗೂ ಹೊಂದಾಣಿಕೆಯೇ ಇರಲಿಲ್ಲ.

ಆ ಸಂಜೆಯೇ ಮಾರಿದವರಿಗೆ ಫೋನ್ ಮಾಡಿದೆ. ಮೊದಲ ಉತ್ತರ, “ನನಗೂ ಹಾಗೆಂದೇ ಹೇಳಿ ಮಾರಿದ್ದರು”. ಅಳತೆಯ ವಿಷಯ ತೆಗೆದ ಕೂಡಲೇ ವರಸೆ ಬದಲಾಯಿತು: “ರೇಸಿನ ಕಾರುಗಳಲ್ಲಿ ಷಾಸಿ ಬದಲಾಗುವುದು ಮಾಮೂಲು.” ಹಾಗಿದ್ದರೆ ಎಂಜಿನ್ ಯಾವುದು, ಬಾಡಿ ಯಾವುದು, ಅಲ್‌ಸ್ಟರಿನದೆಂದು ಉಳಿದಿರುವುದಾದರೂ ಯಾವುದು ಎಂದು ಕೇಳಿದ್ದಕ್ಕೆ, “ನೀವು ನೋಡಿಯೇ ಕೊಂಡಿರಲ್ಲವೇ?” ಎಂದರು. ಕೊನೆಗೆ ಬಂದ ಪತ್ರದಲ್ಲಿ, ತಾವು ವ್ಯಾಪಾರಿಯಲ್ಲ, ಹವ್ಯಾಸಕ್ಕಾಗಿ ಇಟ್ಟುಕೊಂಡಿದ್ದ ಕಾರನ್ನು ಮಾರಿದ್ದಷ್ಟೇ, ಹಣ ವಾಪಸ್ಸಿನ ಪ್ರಶ್ನೆಯೇ ಬರುವುದಿಲ್ಲ ಎಂದು ಬರೆದು ಕೈತೊಳೆದುಕೊಂಡರು. ನಾನು ಹೋದಾಗ ಅವರ ಶೆಡ್ಡಿನಲ್ಲಿ ಮಾರಾಟಕ್ಕೆಂದು ಇನ್ನೂ ಮೂರು ಕಾರುಗಳು ನಿಂತಿದ್ದವು!

ಸೆವೆನ್ ಷಾಸಿಯ ಮೇಲೆ ಬೇರೆ ಬಾಡಿ ಕಟ್ಟುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಲೋಟಸ್ ಕಾರು ಕಂಪನಿ ಸ್ಥಾಪಿಸಿದ ಕಾಲಿನ್ ಚಾಪ್‌ಮನ್ ತಮ್ಮ ಮೊದಲ ಕಾರನ್ನು ಕಟ್ಟಿದ್ದೇ ಹಳೆಯ ಸೆವೆನ್ ಮೇಲೆ. ಅಂಥ ಕಾರನ್ನು ‘ಸ್ಪೆಷಲ್’ ಎಂದೇ ಕರೆದು ಅದಕ್ಕೆ ತಕ್ಕ ಬೆಲೆಗೆ ಮಾರಿದ್ದರೆ ನಾನು ಸಂತೋಷದಿಂದ ಕೊಳ್ಳುತ್ತಿದ್ದೆ. ಎಂಬತ್ತು ತೊಂಬತ್ತು ವರ್ಷ ಬಾಳಿದ ಸಲೂನ್ ಒಂದನ್ನು ಒಡೆದು, ಅದರ ಗುರುತನ್ನೂ ಅಳಿಸಿ, ಅದಕ್ಕೆ ಇಲ್ಲದ ಚರಿತ್ರೆಯನ್ನು ಅಂಟಿಸುವುದು ಮಾತ್ರ ನನಗೆ ಸಹಿಸಲಾಗದು. ಹಣ ಹೋದದ್ದಕ್ಕಿಂತ ಹೆಚ್ಚಾಗಿ ನೋಯಿಸುತ್ತಿರುವುದು ಅದು. ಆ ಸಲೂನ್ ಇನ್ನು ಯಾರಿಗೂ ಸಿಗುವುದಿಲ್ಲ.

ಕೊಳ್ಳುವವರು ಟೇಪ್ ಒಯ್ಯಿರಿ. ಷಾಸಿಯ ನಂಬರನ್ನು ತಟ್ಟೆಯಲ್ಲಿ ಓದಬೇಡಿ, ಕಬ್ಬಿಣದ ಮೇಲೆ ಓದಿ. ನೋಂದಣಿ ಪತ್ರವನ್ನು ನೆಚ್ಚಬೇಡಿ, ಅದು ಮಾಲೀಕತ್ವದ ಪುರಾವೆಯಲ್ಲವೆಂದು ಆ ಪತ್ರದಲ್ಲೇ ಅಚ್ಚಾಗಿದೆ. ಹಾಗಿರುವಾಗ ಕಾರಿನ ಅಸಲಿತನಕ್ಕೆ ಅದು ಸಾಕ್ಷಿಯಾಗುವುದಾದರೂ ಹೇಗೆ? ವ್ಯಾಪಾರಿಯಿಂದ ಕೊಂಡರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ, ದೋಷವಿರುವ ಅಥವಾ ಹೇಳಿದಂತಿಲ್ಲದ ಕಾರನ್ನು 30 ದಿನಗಳೊಳಗೆ ತಿರಸ್ಕರಿಸಬಹುದು. ಖಾಸಗಿ ಮಾರಾಟದಲ್ಲಿ ಆ ಅನುಕೂಲವಿಲ್ಲ, ಕಾರು ವಿವರಣೆಗೆ ತಕ್ಕಂತಿರಬೇಕು ಎಂಬುದನ್ನೇ ಹಿಡಿದು ಹೋರಾಡಬೇಕು. ಆದ್ದರಿಂದ ರಸೀದಿಯಲ್ಲಿ ‘1930ರ ಅಸಲಿ ಅಲ್‌ಸ್ಟರ್’ ಎಂದು ಅವರ ಕೈಯಿಂದಲೇ ಬರೆಸಿಕೊಂಡು ಸಹಿ ಹಾಕಿಸಿ. ಅವರು ಹಿಂಜರಿದರೆ ಅಲ್ಲಿಂದ ಹೊರಟುಬನ್ನಿ. ನನ್ನ ರಸೀದಿಯಲ್ಲಿ ಆ ಪದಗಳು ಇವೆ, ವಕೀಲರು ಆ ರಸೀದಿಯನ್ನೇ ಮುಂದಿಟ್ಟುಕೊಂಡು ನೋಟಿಸ್ ಕಳಿಸಿದ್ದಾರೆ. ವುಸ್ಟರ್‌ಶೈರ್ ಕಡೆ ಇದೇ ರೀತಿಯ ಫೈಲು ತೋರಿಸಿ ನಿಮಗೂ ಯಾರಾದರೂ ಅಲ್‌ಸ್ಟರ್ ಮಾರಿದ್ದರೆ, ನಾಳೆಗೆ ಮುಂದೂಡದೆ ಚಕ್ರದಿಂದ ಚಕ್ರಕ್ಕೆ ಅಳೆದು ನೋಡಿ.