ಕಾಲೇಜಿನ ಲೈವ್ ಶೋಗೆ ಎಟೆಮ್ ಮಿನಿ ಪ್ರೊ ಸಾಕಾ?

ಸಾಕು. ಇದು ಸ್ವಿಚರ್, ಅಂದರೆ ಹಲವು ಕ್ಯಾಮೆರಾಗಳಲ್ಲಿ ಯಾವುದರ ಚಿತ್ರ ಪ್ರಸಾರ ಆಗಬೇಕು ಅಂತ ಆರಿಸುವ ಯಂತ್ರ. ಆದರೆ ಟಾಕ್‌ಬ್ಯಾಕ್‌ಗೆ, ಅಂದರೆ ಡೈರೆಕ್ಟರ್ ತಂಡದ ಜೊತೆ ಮಾತಾಡುವ ವ್ಯವಸ್ಥೆಗೆ ಅಂತ ಬೇರೆ ದುಡ್ಡು ಎತ್ತಿಟ್ಟುಕೊಳ್ಳಿ. ಇರುವುದನ್ನೆಲ್ಲ ಸ್ವಿಚರ್‌ಗೇ ಸುರಿದು, ಕ್ಯಾಮೆರಾ ಹಿಂದೆ ನಿಂತವರಿಗೆ ಡೈರೆಕ್ಟರ್ ಮಾತು ಕೇಳಿಸದೇ ಹೋದರೆ ಲೈವ್ ನಡೆಯುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ನಾನು ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ನಮ್ಮ ವಿಭಾಗದ ವಿದ್ಯಾರ್ಥಿಗಳೇ ಸೇರಿ ಅರ್ಧ ಗಂಟೆಯ ಲೈವ್ ಕಾರ್ಯಕ್ರಮ ಮಾಡುತ್ತೇವೆ. ಯೂಟ್ಯೂಬ್‌ನಲ್ಲಿ ಬರುತ್ತದೆ, ಊರಿನ ಒಂದು ಕೇಬಲ್ ಚಾನೆಲ್ ಕೂಡ ಅದೇ ಫೀಡ್ ತೆಗೆದುಕೊಳ್ಳುತ್ತದೆ. ಹಳೆಯ ಸೆಮಿನಾರ್ ಹಾಲೇ ಸ್ಟುಡಿಯೋ. ಪಕ್ಕದ ಸ್ಟೋರ್ ರೂಮೇ ಕಂಟ್ರೋಲ್ ರೂಮ್. ಅಲ್ಲಿ ಸ್ವಿಚರ್ ಮುಂದೆ ಕೂರುವವಳು ನಾನು.

ಎಟೆಮ್ ಮಿನಿ 2019ರಲ್ಲಿ ಬಂತು. ಮಾಡಿದ್ದು ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿ. ಮರುವರ್ಷ, 2020ರಲ್ಲಿ, ಪ್ರೊ ಬಂತು. ಎರಡಕ್ಕೂ ನಾಲ್ಕು ಎಚ್‌ಡಿಎಂಐ ಇನ್‌ಪುಟ್, ನೋಡಲು ಹೆಚ್ಚು ಕಡಿಮೆ ಒಂದೇ. ಹಾಗಾಗಿ ಕಡಿಮೆ ಬೆಲೆಯದ್ದೇ ಸಾಕಲ್ವಾ ಅಂತ ಅನಿಸುವುದು ಸಹಜ. ಮನೆಯಲ್ಲಿ ಕೂತು ಪಾಠ ಮಾಡುವವರಿಗೆ ಅದೇ ಸಾಕು. ತಂಡ ಕಟ್ಟಿಕೊಂಡು ಶೋ ಮಾಡುವವರು ಮಾತ್ರ ಪ್ರೊ ತೆಗೆದುಕೊಳ್ಳಬೇಕು. ಕಾರಣ ಮಲ್ಟಿವ್ಯೂ. ಎಚ್‌ಡಿಎಂಐ ಔಟ್‌ಗೆ ಒಂದು ಟಿವಿ ಸಿಕ್ಕಿಸಿದರೆ ನಾಲ್ಕೂ ಕ್ಯಾಮೆರಾ, ಪ್ರಿವ್ಯೂ (ಮುಂದೆ ಹೋಗಲಿರುವ ಚಿತ್ರ), ಪ್ರೋಗ್ರಾಂ (ಈಗ ಪ್ರಸಾರದಲ್ಲಿರುವ ಚಿತ್ರ), ಆಡಿಯೋ ಮೀಟರ್, ರೆಕಾರ್ಡಿಂಗ್ ಸ್ಥಿತಿ ಎಲ್ಲ ಒಂದೇ ಪರದೆಯಲ್ಲಿ ಕಾಣುತ್ತವೆ. ಡೈರೆಕ್ಟರ್, ನಾನು, ಆಡಿಯೋ ನೋಡುವವನು ಮೂವರೂ ಅದನ್ನೇ ನೋಡುತ್ತೇವೆ. ಯಾವ ಕ್ಯಾಮೆರಾ ಏನು ನೋಡುತ್ತಿದೆ ಅಂತ ಕಾಣದೇ ಮುಂದಿನ ಶಾಟ್ ಕರೆಯುವುದು ಹೇಗೆ? ಸಾದಾ ಮಿನಿಯಲ್ಲಿ ಈ ಮಲ್ಟಿವ್ಯೂ ಇಲ್ಲ. ಪ್ರೊನಲ್ಲಿ ಯುಎಸ್‌ಬಿ ಡಿಸ್ಕ್‌ಗೆ ನೇರ ರೆಕಾರ್ಡಿಂಗ್ ಇದೆ, ನೆಟ್‌ವರ್ಕ್ ವೈರ್ ಹಾಕಿ ನೇರ ಸ್ಟ್ರೀಮಿಂಗ್ ಕೂಡ ಇದೆ. ಲ್ಯಾಪ್‌ಟಾಪ್ ಹ್ಯಾಂಗ್ ಆದರೂ ಶೋ ನಿಲ್ಲುವುದಿಲ್ಲ.

ಪೆಟ್ಟಿಗೆ ಬಿಚ್ಚಿದ ಕೂಡಲೇ ಒಂದು ಸೆಟ್ಟಿಂಗ್ ಬದಲಿಸಿ. ಇದು ಬರುವುದೇ ಕಟ್ ಬಸ್ ವಿಧಾನದಲ್ಲಿ. ಅಂದರೆ 2 ಒತ್ತಿದರೆ ಆ ಕ್ಷಣವೇ ಎರಡನೇ ಕ್ಯಾಮೆರಾ ಆನ್ ಏರ್. ಸಾಫ್ಟ್‌ವೇರ್‌ನಲ್ಲಿ ಪ್ರೋಗ್ರಾಂ-ಪ್ರಿವ್ಯೂ ಆಯ್ಕೆ ಮಾಡಿದರೆ ಒತ್ತಿದ ಬಟನ್ ಮೊದಲು ಹಸಿರಾಗುತ್ತದೆ. ಆಮೇಲೆ ಕಟ್ (ತಕ್ಷಣ ಬದಲಾಗಲು) ಅಥವಾ ಆಟೋ (ನಿಧಾನವಾಗಿ ಬದಲಾಗಲು) ಒತ್ತಬೇಕು. ಆ ಹಸಿರು ಕ್ಷಣ ಕಲಿಯುವವರಿಗೆ ತುಂಬ ಮುಖ್ಯ. ಡೈರೆಕ್ಟರ್ "ಎರಡು, ಸ್ಟ್ಯಾಂಡ್‌ಬೈ" ಅನ್ನುತ್ತಾಳೆ, ನಾನು ಹಸಿರು ಮಾಡುತ್ತೇನೆ. ಕ್ಯಾಮೆರಾ ಹುಡುಗ ಫೋಕಸ್ ಸರಿಮಾಡಿಕೊಳ್ಳುತ್ತಾನೆ. "ಟೇಕ್" ಅಂದಾಗಷ್ಟೇ ಕಟ್. ಇದನ್ನೆಲ್ಲ ಹೊಂದಿಸಿದ ಮೇಲೆ ಸೇವ್ ಸ್ಟಾರ್ಟಪ್ ಸ್ಟೇಟ್ ಕೊಡುವುದನ್ನು ಮರೆಯಬೇಡಿ. ಕೊಡದಿದ್ದರೆ ಕರೆಂಟ್ ಹೋಗಿ ಬಂದಾಗ ಹೊಂದಿಸಿದ್ದು ಹಳೆಯದಕ್ಕೇ ಮರಳಬಹುದು.

ಈ ಯಂತ್ರದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಕಂಪನಿ ನಾಟಕದ ಸಂಚಿಕೆಯಲ್ಲಿ. ದಾವಣಗೆರೆ ಅಂದರೆ ಕೆಬಿಆರ್ ಡ್ರಾಮಾ ಕಂಪನಿಯ ಊರು, ರಂಗನಟಿ ಚಿಂದೋಡಿ ಲೀಲಾ ಅವರ ಊರು. ಆ ವಿಷಯ ನಾವು ಮಾಡದೇ ಇನ್ಯಾರು ಮಾಡಬೇಕು? ಕಂಪನಿಗಳಲ್ಲಿ ಪಾತ್ರ ಮಾಡಿದ ಒಬ್ಬ ಹಿರಿಯ ಕಲಾವಿದೆಯನ್ನು ಕರೆದಿದ್ದೆವು. ರನ್‌ಡೌನ್‌ನಲ್ಲಿ (ಕಾರ್ಯಕ್ರಮದ ಕ್ರಮಪಟ್ಟಿಯಲ್ಲಿ) ಎಲ್ಲ ನಿಮಿಷದ ಲೆಕ್ಕ: ಮಾತುಕತೆ, ಹಳೆಯ ಫೋಟೋಗಳು, ವೀಕ್ಷಕರ ಫೋನ್ ಕರೆ, ಮುಕ್ತಾಯ. ಹಾಡು ಎಲ್ಲೂ ಇರಲಿಲ್ಲ.

ನಿರೂಪಕ ಕೇಳಿದ್ದು ಇಷ್ಟೇ: "ಮೈಕ್ ಇಲ್ಲದ ಕಾಲದಲ್ಲಿ ಕೊನೇ ಸಾಲಿಗೆ ಹೇಗೆ ಕೇಳಿಸುತ್ತಿತ್ತು?" ಅವರು ಬಾಯಿಮಾತಿನಲ್ಲಿ ಉತ್ತರ ಕೊಡಲಿಲ್ಲ. ಕುರ್ಚಿಯಿಂದ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ರಂಗಗೀತೆ ಎತ್ತಿಕೊಂಡರು.

ಆಗ ಒಂದನೇ ಕ್ಯಾಮೆರಾದಲ್ಲಿ ಅವರ ಸೊಂಟ ಮಾತ್ರ ಕಾಣುತ್ತಿತ್ತು. ಎರಡನೆಯದು ನಿರೂಪಕನ ಮುಖದ ಮೇಲಿತ್ತು. ಪೂರ್ತಿ ವೇದಿಕೆ ಹಿಡಿದಿದ್ದು ಮೂರನೆಯದೊಂದೇ. ಡೈರೆಕ್ಟರ್ ಒಂದು ಕ್ಷಣವೂ ತಡೆಯದೆ "ಮೂರು, ಟೇಕ್" ಅಂದಳು. ವೈಡ್‌ಗೆ ಹೋದೆವು. ಅಷ್ಟರಲ್ಲಿ ಒಂದನೇ ಕ್ಯಾಮೆರಾಗೆ "ಮೇಲೆತ್ತು, ಮುಖ ಹಿಡಿ, ಆತುರ ಬೇಡ" ಅಂತ ಹೇಳಿದಳು. ಆಡಿಯೋದವನು ಫೇಡರ್ ಅರ್ಧಕ್ಕೆ ಇಳಿಸಿದ್ದ, ಏಕೆಂದರೆ ಆ ಗಂಟಲಿಗೆ ಬಟ್ಟೆಗೆ ಸಿಕ್ಕಿಸಿದ ಲೇಪಲ್ ಮೈಕ್ ತಡೆಯುವಂತಿರಲಿಲ್ಲ. ಫ್ಲೋರ್ ಮ್ಯಾನೇಜರ್ ಬಾಗಿಲ ಬಳಿಯಿಂದ ಬೆರಳು ತೋರಿಸಿ ಸಮಯ ಕೇಳಿದಳು. ಡೈರೆಕ್ಟರ್ ಫೋನ್ ಕರೆಯ ಭಾಗವನ್ನೇ ಪೆನ್ನಿನಿಂದ ಹೊಡೆದುಹಾಕಿದಳು. ಒಂದನೇ ಕ್ಯಾಮೆರಾದಲ್ಲಿ ಮುಖ ನಿಧಾನವಾಗಿ ತುಂಬಿಕೊಂಡಿತು. ನಾನು ಕಟ್ ಮಾಡಲಿಲ್ಲ, ಮಿಕ್ಸ್ ಆರಿಸಿ ಆಟೋ ಒತ್ತಿದೆ. ವೈಡ್ ಕರಗಿ ಮುಖ ಬಂತು. ಹಾಡು ಮುಗಿಯುವವರೆಗೆ ಯಾರೂ ಬೇರೆ ಶಾಟ್ ಕೇಳಲಿಲ್ಲ.

ಸ್ವಿಚರ್ ಅಲ್ಲಿ ತಡವರಿಸಲಿಲ್ಲ ಅನ್ನುವುದು ನಿಜ. ಆದರೆ ಆ ಸಂಚಿಕೆ ಉಳಿದದ್ದು ಕಿವಿಗೆ ಬಿದ್ದ ನಾಲ್ಕು ಮಾತುಗಳಿಂದ. ಎಟೆಮ್ ಮಿನಿ ಪ್ರೊನಲ್ಲಿ ಟಾಕ್‌ಬ್ಯಾಕ್ ಇಲ್ಲವೇ ಇಲ್ಲ. ನಾವು ಮೊದಲು ವಾಟ್ಸಾಪ್ ಗ್ರೂಪ್ ಕಾಲ್‌ನಲ್ಲಿ ಇಯರ್‌ಫೋನ್ ಹಾಕಿಕೊಂಡು ಮಾಡುತ್ತಿದ್ದೆವು. ಮಾತು ತಡವಾಗಿ ತಲುಪುತ್ತಿತ್ತು, ಸಿಗ್ನಲ್ ಹೋದರೆ ಕ್ಯಾಮೆರಾದವನು ಒಂಟಿ. ಆಮೇಲೆ ಹಣ ಕೂಡಿಸಿ ವೈರ್ ಇರುವ ಇಂಟರ್‌ಕಾಮ್ ಹಾಕಿಸಿದೆವು. ಆ ದಿನದಿಂದ ನಮ್ಮ ಶೋ ಬೇರೆಯೇ ಆಯಿತು.

ಟ್ಯಾಲಿಯದ್ದೂ ಇದೇ ಕಥೆ. ಯಾವ ಕ್ಯಾಮೆರಾ ಆನ್ ಏರ್ ಇದೆ ಅಂತ ಹೇಳುವ ಕೆಂಪು ದೀಪ ಇದು. ಬ್ಲ್ಯಾಕ್‌ಮ್ಯಾಜಿಕ್‌ನದೇ ಕ್ಯಾಮೆರಾ ಇದ್ದರೆ ಎಚ್‌ಡಿಎಂಐ ವೈರ್‌ನಲ್ಲೇ ಟ್ಯಾಲಿ ಹೋಗುತ್ತದೆ. ನಮ್ಮ ಮಾಮೂಲಿ ಕ್ಯಾಮೆರಾಗಳಿಗೆ ಆ ಭಾಗ್ಯವಿಲ್ಲ. ಇಂಜಿನಿಯರಿಂಗ್ ಓದುವ ಗೆಳೆಯನೊಬ್ಬ ಚಿಕ್ಕ ವೈಫೈ ಬೋರ್ಡ್‌ನಲ್ಲಿ ದೀಪ ಮಾಡಿಕೊಟ್ಟ. ಸ್ವಿಚರ್ ನೆಟ್‌ವರ್ಕ್‌ನಲ್ಲಿ ಮಾತಾಡುವುದರಿಂದ ಇದು ಸಾಧ್ಯ. ಇಂಥ ಹುಡುಗರನ್ನು ತಂಡದಲ್ಲಿ ಇಟ್ಟುಕೊಳ್ಳಿ.

ಆಡಿಯೋ ಬಗ್ಗೆ ಜಾಗ್ರತೆ ಬೇಕು. ಎರಡು 3.5 ಮಿ.ಮೀ. ಇನ್‌ಪುಟ್ ಇವೆ. ಹಾಲ್‌ನ ಸೌಂಡ್ ಮಿಕ್ಸರ್‌ನಿಂದ ತಂದರೆ ಸಾಫ್ಟ್‌ವೇರ್‌ನಲ್ಲಿ ಮೈಕ್ ತೆಗೆದು ಲೈನ್ ಮಾಡಿ, ಇಲ್ಲದಿದ್ದರೆ ದನಿ ಒಡೆಯುತ್ತದೆ. ಕ್ಯಾಮೆರಾ ಚಿತ್ರ ಸ್ವಲ್ಪ ತಡವಾಗಿ ಬರುವುದರಿಂದ ತುಟಿಗಿಂತ ಮಾತು ಮುಂದೆ ಓಡುತ್ತದೆ. ಡಿಲೇ ಕೊಟ್ಟು ಹೊಂದಿಸಿ. ಚಪ್ಪಾಳೆ ಹೊಡೆಸಿ ನೋಡಿದರೆ ಬೇಗ ಗೊತ್ತಾಗುತ್ತದೆ. ಎಎಫ್‌ವಿ (ಚಿತ್ರದ ಜೊತೆಗೇ ದನಿಯನ್ನೂ ಬದಲಿಸುವ) ಬಟನ್ ಆಫ್ ಮಾಡಿಡಿ, ಇಲ್ಲದಿದ್ದರೆ ಪ್ರತಿ ಕಟ್‌ಗೂ ದನಿ ಬದಲಾಗುತ್ತದೆ.

ಪರದೆಯ ಮೇಲೆ ಅತಿಥಿಯ ಹೆಸರು ತೋರಿಸುವ ಕನ್ನಡದ ಪಟ್ಟಿಗಳ ವಿಷಯಕ್ಕೆ ಬರುತ್ತೇನೆ, ಇದರ ಬಗ್ಗೆ ಯಾವ ವಿಡಿಯೋದಲ್ಲೂ ಹೇಳಿದ್ದು ನಾನು ನೋಡಿಲ್ಲ. ಸ್ವಿಚರ್‌ನೊಳಗಿನ ಚಿತ್ರಸಂಗ್ರಹವಾದ ಮೀಡಿಯಾ ಪೂಲ್‌ನಲ್ಲಿ 20 ಚಿತ್ರ ಇಡಬಹುದು. ಹಿನ್ನೆಲೆ ಪಾರದರ್ಶಕ ಇರುವ ಪಿಎನ್‌ಜಿ ಮಾಡಿ ಹಾಕಿದರೆ ಹೆಸರು ಚೆನ್ನಾಗಿ ಕೂರುತ್ತದೆ. ಆದರೆ ಇಂಟರ್ನೆಟ್‌ನಲ್ಲಿ ಸಿಗುವ ಟೆಂಪ್ಲೇಟ್‌ಗಳ ಪಟ್ಟಿ ತೆಳು. ಅದರಲ್ಲಿ ಇಂಗ್ಲಿಷ್ ಹಿಡಿಯುತ್ತದೆ, ನಮ್ಮ ಒತ್ತಕ್ಷರ ಹಿಡಿಯುವುದಿಲ್ಲ. "ಪುಷ್ಪಲತಾ" ಅಂತ ಬರೆದರೆ ಪವೊತ್ತು ಪಟ್ಟಿಯ ಅಂಚಿಗೆ ಬಂದು ಕತ್ತರಿಸಿಹೋಗುತ್ತದೆ. ಅತಿಥಿಯ ಹೆಸರು ಅರ್ಧ ತೋರಿಸುವುದು ಮರ್ಯಾದೆಯಲ್ಲ. ಪಟ್ಟಿಯನ್ನು ನಾವೇ ದಪ್ಪ ಮಾಡಿಕೊಂಡೆವು. ನುಡಿ ತಂತ್ರಾಂಶದ ಹಳೆಯ ಫಾಂಟ್ ಬಿಟ್ಟು ಯೂನಿಕೋಡ್ ಬಳಸಿದರೆ ಬೇರೆ ಕಂಪ್ಯೂಟರ್‌ನಲ್ಲಿ ತೆರೆದಾಗಲೂ ಅಕ್ಷರ ಕೆಡುವುದಿಲ್ಲ.

ಟ್ಯೂಬ್‌ಲೈಟ್ ಹಾಲ್ ಆದರೆ ಕ್ಯಾಮೆರಾ ಶಟರ್ 1/50ಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, 1/60 ಇಟ್ಟರೆ ಚಿತ್ರದಲ್ಲಿ ಪಟ್ಟೆ ಓಡಾಡಬಹುದು. ಸ್ವಿಚರ್‌ಗೆ ಯುಪಿಎಸ್ ಕೊಡಿ. ರೆಕಾರ್ಡಿಂಗ್ ನಡುವೆ ಕರೆಂಟ್ ಹೋದರೆ ಫೈಲ್ ತೆರೆಯದೇ ಹೋಗಬಹುದು. ಹೊಸ ಯೂಟ್ಯೂಬ್ ಚಾನೆಲ್ ಆದರೆ ಲೈವ್ ಅನುಮತಿಗೆ 24 ಗಂಟೆಯವರೆಗೆ ಕಾಯಬೇಕಾಗಬಹುದು, ಶೋ ದಿನವೇ ಶುರುಮಾಡಬೇಡಿ.

ಇದರ ನಿಜವಾದ ಕೊರತೆ ಅಂದರೆ ಒಂದೇ ಎಚ್‌ಡಿಎಂಐ ಔಟ್. ಅದರಲ್ಲಿ ಮಲ್ಟಿವ್ಯೂ ಹಾಕಿದರೆ ವೇದಿಕೆಯ ಪರದೆಗೆ ಪ್ರೋಗ್ರಾಂ ಕೊಡಲು ಬೇರೆ ದಾರಿ ಹುಡುಕಬೇಕು. ನಾವು ಯುಎಸ್‌ಬಿಯಿಂದ ಲ್ಯಾಪ್‌ಟಾಪ್‌ಗೆ ತಂದು ಅಲ್ಲಿಂದ ಕೊಡುತ್ತೇವೆ, ಸ್ವಲ್ಪ ತಡವಾಗುತ್ತದೆ. ಇನ್ನೊಂದು, ಎಚ್‌ಡಿಎಂಐ ವೈರ್‌ಗೆ ಲಾಕ್ ಇರುವುದಿಲ್ಲ. ಯಾರೋ ಎಡವಿದರೆ ಕ್ಯಾಮೆರಾ ಕಪ್ಪು. ವೈರ್‌ಗಳನ್ನೆಲ್ಲ ನೆಲಕ್ಕೆ ಟೇಪ್ ಹಾಕಿ ಕೂರಿಸಿ, ಉದ್ದದ ಅಗ್ಗದ ವೈರ್ ತರಬೇಡಿ.

ಕೊಳ್ಳುವಷ್ಟು ಹಣ ಕಾಲೇಜಿನಲ್ಲಿ ಇಲ್ಲದಿದ್ದರೆ ಬಾಡಿಗೆಗೆ ಕೇಳಿ. ದಾವಣಗೆರೆಯಲ್ಲಿ ಮದುವೆ ಲೈವ್ ಮಾಡುವವರ ಹತ್ತಿರ ಇಂಥ ಸ್ವಿಚರ್ ಸಿಗುತ್ತದೆ. ಮುಹೂರ್ತದ ದಿನಗಳಲ್ಲಿ ಕೊಡುವುದು ಕಷ್ಟ. ಆಷಾಢದಲ್ಲಿ ಕೇಳಿದರೆ ಬಾಡಿಗೆಯ ಬಗ್ಗೆ ಮಾತಾಡಬಹುದು, ಒಂದು ದಿನ ಮುಂಚೆಯೇ ಕೊಡಿ ಅಂತಲೂ ಕೇಳಬಹುದು. ಆ ಒಂದು ದಿನ ರಿಹರ್ಸಲ್‌ಗೆ ಬೇಕೇ ಬೇಕು.